ಯೀಸ್ಟಿನ ಸಕ್ಕರೆ ಸರಪಳಿ: ರೋಹಿತ ಹೇಳುವುದೆಷ್ಟು?

ಯೀಸ್ಟಿನ ಕೋಶಭಿತ್ತಿಯಲ್ಲಿರುವ ಪಾಲಿಸ್ಯಾಕರೈಡುಗಳ, ಅಂದರೆ ಸಕ್ಕರೆ ಸರಪಳಿಗಳ, ರಚನೆಯನ್ನು ಸ್ಪೆಕ್ಟ್ರೋಸ್ಕೋಪಿಯಿಂದ, ಅಂದರೆ ರೋಹಿತಗಳನ್ನು ತೆಗೆದು ಓದುವ ವಿಧಾನಗಳಿಂದ, ಅರಿಯುವ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಿಗೆ ಹೋಗುವ ಮೊದಲು ಒಂದಿಷ್ಟು ಹಿನ್ನೆಲೆ ಬೇಕು. ಬ್ರೆಡ್ ಹುದುಗಿಸಲು ಬಳಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ಕೋಶಭಿತ್ತಿಯ ಒಣತೂಕದಲ್ಲಿ ಸರಿಸುಮಾರು ಅರ್ಧದಷ್ಟು ಬೀಟಾ-1,3-ಗ್ಲುಕಾನ್ (ಗ್ಲುಕೋಸಿನ ಸರಪಳಿ; ಒಂದು ಸಕ್ಕರೆಯ ಒಂದನೆಯ ಇಂಗಾಲ ಪಕ್ಕದ ಸಕ್ಕರೆಯ ಮೂರನೆಯ ಇಂಗಾಲಕ್ಕೆ ಬೆಸೆದಿದೆ ಎಂಬುದನ್ನು ಅಂಕಿಗಳು, ಬಂಧದ ದಿಕ್ಕನ್ನು ಬೀಟಾ ಅಥವಾ ಆಲ್ಫಾ ಎಂಬ ಹೆಸರು ಹೇಳುತ್ತವೆ) ಇರುತ್ತದೆ, ಶೇ. 40ರ ಆಸುಪಾಸಿನಲ್ಲಿ ಮ್ಯಾನೋಪ್ರೋಟೀನ್, ಅಂದರೆ ಮ್ಯಾನೋಸ್ ಸಕ್ಕರೆಯ ಸರಪಳಿಗಳನ್ನು (ಮ್ಯಾನಾನ್) ಹೊತ್ತ ಪ್ರೋಟೀನು, ಶೇ. 5ರಿಂದ 10ರಷ್ಟು ಬೀಟಾ-1,6-ಗ್ಲುಕಾನ್ ಮತ್ತು ಶೇ. 1ರಿಂದ 3ರಷ್ಟು ಕೈಟಿನ್ (ಸಾರಜನಕವಿರುವ ಸಕ್ಕರೆಯ ಸರಪಳಿ) ಇರುತ್ತವೆ. ಬೆಳವಣಿಗೆಯ ಪರಿಸ್ಥಿತಿಗೆ ತಕ್ಕಂತೆ ಈ ಪ್ರಮಾಣಗಳು ಏರುಪೇರಾಗುತ್ತವೆ. ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದಲೇ ಕೆಳಗಿನ ಬಹುಪಾಲು ತೊಡಕುಗಳು ಹುಟ್ಟುತ್ತವೆ.

ಪ್ರಶ್ನೆ: ಮಾನ್ಯರೇ, ನಾನು ಯೀಸ್ಟನ್ನು ಬಿಸಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸಿ, ಕರಗದೆ ಉಳಿದ ಭಾಗವನ್ನು ತೊಳೆದು ಒಣಗಿಸಿ, ಎಫ್‌ಟಿಐಆರ್ (ಅವಗೆಂಪು) ರೋಹಿತ ತೆಗೆದಿದ್ದೇನೆ. 890ರಲ್ಲಿ ಸ್ಪಷ್ಟವಾದ ಪೀಕ್ ಇದೆ. 1650 ಮತ್ತು 1540ರ ಬಳಿ ಚಿಕ್ಕ ಪೀಕ್‌ಗಳೂ ಇವೆ. ನನ್ನ ಪ್ರಬಂಧದಲ್ಲಿ ಇದನ್ನು ‘ಶುದ್ಧ ಬೀಟಾ-1,3/1,6-ಗ್ಲುಕಾನ್’ ಎಂದು ಬರೆಯಬಹುದೇ? ಪ್ರಕಟವಾದ ಹಲವು ಲೇಖನಗಳಲ್ಲಿ ಹಾಗೆಯೇ ಬರೆದಿರುವುದನ್ನು ನೋಡಿದ್ದೇನೆ. — ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಬರೆಯಬಾರದು. ನಿಮ್ಮ ಕೈಯಲ್ಲಿರುವ ರೋಹಿತ ಅಷ್ಟನ್ನು ಹೇಳುವುದಿಲ್ಲ. ಇತರರು ಬರೆದಿದ್ದಾರೆ ಎಂಬುದು ಅದಕ್ಕೆ ಆಧಾರವಾಗುವುದೂ ಇಲ್ಲ.

ಮೊದಲು 890ನ್ನೇ ನೋಡೋಣ. ಅವಗೆಂಪು ರೋಹಿತದಲ್ಲಿ ಪ್ರತಿ ಸೆಂಟಿಮೀಟರಿಗೆ 890 ಎಂಬ ತರಂಗಸಂಖ್ಯೆಯ ಬಳಿ ಕಾಣುವ ಪೀಕ್, ಸಕ್ಕರೆಯ ಉಂಗುರದ ಒಂದನೆಯ ಇಂಗಾಲಕ್ಕೆ ಅಂಟಿದ ಜಲಜನಕದ ಬಾಗುವಿಕೆಗೆ ಸಂಬಂಧಿಸಿದ್ದು. ಆ ಇಂಗಾಲದ ಬಂಧ ಬೀಟಾ ದಿಕ್ಕಿನದಾಗಿದ್ದಾಗ ಅದು ಅಲ್ಲಿ ಕಾಣಿಸಿಕೊಳ್ಳುತ್ತದೆ, ಆಲ್ಫಾ ದಿಕ್ಕಿನದಾಗಿದ್ದರೆ ಸಾಮಾನ್ಯವಾಗಿ 850ರ ಆಸುಪಾಸಿನಲ್ಲಿ ಕಾಣಿಸುತ್ತದೆ. ಅಂದರೆ ಈ ಪೀಕ್ ‘ಇಲ್ಲಿ ಬೀಟಾ ಬಂಧವಿದೆ’ ಎಂದಷ್ಟೇ ಸಾಕ್ಷಿ ಹೇಳುತ್ತದೆ. ಆ ಬಂಧ ಪಕ್ಕದ ಸಕ್ಕರೆಯ ಮೂರನೆಯ ಇಂಗಾಲಕ್ಕೆ ಹೋಗಿದೆಯೋ ಆರನೆಯದಕ್ಕೋ ಎಂಬುದು ಅದಕ್ಕೆ ತಿಳಿಯದು. ಬೀಟಾ-1,4 ಬಂಧದ ಸೆಲ್ಯುಲೋಸಿನಲ್ಲಿಯೂ ಕೈಟಿನ್ನಿನಲ್ಲಿಯೂ ಇದೇ ಆಸುಪಾಸಿನಲ್ಲಿ ಪೀಕ್ ಬರುತ್ತದೆ. ಸಕ್ಕರೆ ಗ್ಲುಕೋಸೇ ಎಂಬುದನ್ನು ಕೂಡ ಈ ಪೀಕ್ ಖಾತ್ರಿಪಡಿಸುವುದಿಲ್ಲ. ಅದಕ್ಕೆ ಮಾದರಿಯನ್ನು ಆಮ್ಲದಲ್ಲಿ ಪೂರ್ತಿಯಾಗಿ ಒಡೆದು, ಬಿಡಿಯಾದ ಸಕ್ಕರೆಗಳನ್ನು ಕ್ರೊಮಟೋಗ್ರಫಿಯಿಂದ ಗುರುತಿಸಬೇಕು.

ಇನ್ನು ಆ ಚಿಕ್ಕ ಪೀಕ್‌ಗಳು. 1650ರದ್ದನ್ನು ಅಮೈಡ್-1, 1540ರದ್ದನ್ನು ಅಮೈಡ್-2 ಎಂದು ಕರೆಯುವುದು ರೂಢಿ; ಅಮೈಡ್ ಎಂದರೆ ಪ್ರೋಟೀನಿನ ಕೊಂಡಿಗಳಲ್ಲಿರುವ, ಸಾರಜನಕವುಳ್ಳ ಗುಂಪು. ಇವೆರಡರಲ್ಲಿ ನೀವು ಹೆಚ್ಚು ಗಮನ ಕೊಡಬೇಕಾದದ್ದು ಎರಡನೆಯದಕ್ಕೆ. ಮಾದರಿಯಲ್ಲಿ ಉಳಿದ ತೇವಾಂಶವೂ 1640ರ ಬಳಿ ಪೀಕ್ ಕೊಡುವುದರಿಂದ ಮೊದಲನೆಯದನ್ನು ‘ನೀರು ಇರಬಹುದು’ ಎಂದು ತಳ್ಳಿಹಾಕಲು ಬರುತ್ತದೆ. 1540ರಲ್ಲಿ ನೀರಿನ ಪೀಕ್ ಇಲ್ಲ. ಅಲ್ಲಿ ಏನಾದರೂ ಕಂಡರೆ ಮಾದರಿಯಲ್ಲಿ ಅಮೈಡ್ ಗುಂಪು ಉಳಿದಿದೆ ಎಂದೇ ತಿಳಿಯಬೇಕು. ಅದು ಕ್ಷಾರಕ್ಕೆ ಬಗ್ಗದ ಪ್ರೋಟೀನ್ ಇರಬಹುದು, ಕೈಟಿನ್ ಕೂಡ ಇರಬಹುದು, ಏಕೆಂದರೆ ಕೈಟಿನ್ನಿನ ಪ್ರತಿ ಘಟಕದಲ್ಲಿಯೂ ಒಂದು ಅಮೈಡ್ ಗುಂಪಿದೆ. ಕೈಟಿನ್ ಬೀಟಾ-ಗ್ಲುಕಾನಿಗೆ ಕೋವೇಲೆಂಟ್ ಬಂಧದಿಂದ ಸೇರಿಕೊಂಡಿರುವ ಕಾರಣ ನೀವು ಎಷ್ಟು ಕುದಿಸಿದರೂ ಕರಗದ ಭಾಗದಲ್ಲಿಯೇ ಉಳಿಯುತ್ತದೆ. ಕೈಟಿನ್ನಿನ ಅಮೈಡ್-2 ಪೀಕ್ ಸ್ವಲ್ಪ ಮೇಲೆ, 1555ರ ಸುತ್ತ ಬರುವುದುಂಟು. ಆದರೆ ನಿಮ್ಮ ರೋಹಿತದಲ್ಲಿರುವಂತಹ ಚಿಕ್ಕ ದಿಣ್ಣೆಯಲ್ಲಿ ಆ ವ್ಯತ್ಯಾಸವನ್ನು ನೆಚ್ಚಿಕೊಳ್ಳುವುದು ಕಷ್ಟ. ಅಮೈನೋ ಆಮ್ಲ ಮತ್ತು ಗ್ಲುಕೋಸಮೀನ್‌ಗಳನ್ನು ಪ್ರತ್ಯೇಕವಾಗಿ ಅಳೆದರೆ ಅನುಮಾನ ಬಗೆಹರಿಯುತ್ತದೆ.

ನೀವು ಕೇಳದೆ ಇರುವ, ಆದರೆ ನನಗೆ ಹೆಚ್ಚು ಅನುಮಾನವಿರುವ ವಸ್ತು ಮತ್ತೊಂದಿದೆ: ಗ್ಲೈಕೋಜನ್. ಇದು ಯೀಸ್ಟ್ ತನ್ನ ಒಳಗೆ ಕೂಡಿಡುವ ಆಲ್ಫಾ ಬಂಧದ ಗ್ಲುಕೋಸ್ ಪಾಲಿಮರ್. ಇದರ ಒಂದು ಪಾಲು ಕ್ಷಾರದಲ್ಲಿ ಕರಗದೆ ಗ್ಲುಕಾನಿನ ಜೊತೆಗೇ ಉಳಿದುಬಿಡುತ್ತದೆ. ಆಮ್ಲದಿಂದ ಒಡೆದಾಗ ಇದೂ ಗ್ಲುಕೋಸನ್ನೇ ಕೊಡುವುದರಿಂದ ‘ಶೇ. 90ಕ್ಕಿಂತ ಹೆಚ್ಚು ಗ್ಲುಕೋಸ್ ಸಿಕ್ಕಿದೆ, ಆದ್ದರಿಂದ ಶುದ್ಧ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ನಿಮ್ಮ ರೋಹಿತದಲ್ಲಿ 1025ರ ಸುತ್ತ ಬಲವಾದ ಪೀಕ್ ಇದೆಯೇ, 850ರಲ್ಲಿ ಸಣ್ಣ ಏರು ಕಾಣುತ್ತದೆಯೇ ಎಂದು ಮತ್ತೊಮ್ಮೆ ನೋಡಿ. ಮಾದರಿಯ ಮೇಲೆ ಒಂದು ಹನಿ ಅಯೋಡಿನ್ ದ್ರಾವಣ ಹಾಕಿ ಕೆಂಗಂದು ಬಣ್ಣ ಬರುತ್ತದೆಯೇ ಎಂದು ಪರೀಕ್ಷಿಸುವುದು ಯಾವ ಯಂತ್ರವೂ ಬೇಡದ ಉಪಾಯ. 1973ರಲ್ಲಿ ಮ್ಯಾನರ್ಸ್, ಮ್ಯಾಸನ್ ಮತ್ತು ಪ್ಯಾಟರ್ಸನ್ ಅವರು ಬೇಕರಿ ಯೀಸ್ಟಿನ ಗ್ಲುಕಾನಿನ ರಚನೆಯನ್ನು ನಿರ್ಧರಿಸುವಾಗ ಮಾದರಿಯನ್ನು ಬಿಸಿ ಅಸಿಟಿಕ್ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದು ಗ್ಲೈಕೋಜನ್ನನ್ನೂ ಬೀಟಾ-1,6 ಪ್ರಧಾನವಾದ ಭಾಗವನ್ನೂ ಹೊರಹಾಕಿದರು, ಉಳಿದದ್ದು ಶೇ. 3ರಷ್ಟು ಮಾತ್ರ ಬೀಟಾ-1,6 ಕೊಂಡಿಗಳಿರುವ, ಸುಮಾರು 1,450 ಗ್ಲುಕೋಸ್ ಘಟಕಗಳ ಉದ್ದದ ಬೀಟಾ-1,3-ಗ್ಲುಕಾನ್ ಎಂದು ತೋರಿಸಿದರು. ಗ್ಲೈಕೋಜನ್ನನ್ನು ಮಾತ್ರ ತೆಗೆಯಬೇಕೆಂದರೆ ಅಮೈಲೋಗ್ಲುಕೋಸಿಡೇಸ್‌ನಂತಹ ಕಿಣ್ವ ಮೃದುವಾದ ದಾರಿ.

ಹಾಗಾದರೆ ‘1,3’ ಮತ್ತು ‘1,6’ ಎಂಬ ಅಂಕಿಗಳನ್ನು ಬರೆಯಲು ಏನು ಬೇಕು? ಅವಗೆಂಪು ರೋಹಿತದ 950ರಿಂದ 1200ರವರೆಗಿನ ಭಾಗದಲ್ಲಿ ಇಂಗಾಲ-ಆಮ್ಲಜನಕ ಬಂಧಗಳ ಕಂಪನಗಳೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಎರಡನೆಯ ಅವಕಲನ ತೆಗೆದು ಅವುಗಳನ್ನು ಬಿಡಿಸಿ, ಇದು 1,3ರದ್ದು, ಅದು ಮ್ಯಾನಾನಿನದ್ದು ಎಂದು ಹೆಸರಿಸುವ ಪದ್ಧತಿಯೇನೋ ಇದೆ. ಒಂದೇ ಬಗೆಯ ಹಲವು ಮಾದರಿಗಳನ್ನು ಹೋಲಿಸಲು ಅದು ಒಳ್ಳೆಯದು. ಹೊಸ ಮಾದರಿಯೊಂದರ ರಚನೆಯನ್ನು ಸಾಬೀತುಪಡಿಸಲು ಸಾಲದು. ಅದಕ್ಕೆ ಎನ್‌ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಂಕೇತಗಳನ್ನು ಓದುವ ವಿಧಾನ, ಬೇಕು. ಗ್ಲುಕಾನ್ ನೀರಿನಲ್ಲಿ ಕರಗದು, ಡ್ಯೂಟೀರಿಯಂ (ಭಾರ ಜಲಜನಕ) ಇರುವ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಬಿಸಿ ಮಾಡಿದರೆ ಕರಗುತ್ತದೆ. ಇಂಗಾಲ-13ರ ರೋಹಿತದಲ್ಲಿ ಒಂದನೆಯ ಇಂಗಾಲ 103 ಪಿಪಿಎಂ (ಸಂಕೇತದ ಸ್ಥಾನವನ್ನು ಹೇಳುವ ಮಾನ) ಬಳಿ ನಿಲ್ಲುತ್ತದೆ. ಮೂರನೆಯ ಇಂಗಾಲಕ್ಕೆ ಬಂಧವಿದ್ದರೆ ಅದರ ಸಂಕೇತ 76ರ ಸುತ್ತಮುತ್ತಲಿಂದ 86ರ ಬಳಿಗೆ ಜಿಗಿದಿರುತ್ತದೆ. ಆರನೆಯ ಇಂಗಾಲಕ್ಕೆ ಬಂಧವಿದ್ದರೆ ಅದು 61ರಿಂದ 69–70ಕ್ಕೆ ಸರಿದಿರುತ್ತದೆ. ಈ ಎರಡು ಸ್ಥಾನಗಳನ್ನು ನೋಡಿದ ಮೇಲೆ ‘1,3 ಇದೆ, 1,6 ಇದೆ’ ಎನ್ನಲು ನಿಮಗೆ ಹಕ್ಕಿದೆ. ಜಲಜನಕದ ರೋಹಿತವನ್ನೂ ತೆಗೆಯುವುದಾದರೆ ದ್ರಾವಣಕ್ಕೆ ತುಸು ಟ್ರೈಫ್ಲೋರೋ ಅಸಿಟಿಕ್ ಆಮ್ಲ ಸೇರಿಸಿ. ಇಲ್ಲದಿದ್ದರೆ ಹೈಡ್ರಾಕ್ಸಿಲ್ ಗುಂಪುಗಳ ಸಂಕೇತಗಳು ನಿಮಗೆ ಬೇಕಾದ ಜಾಗದಲ್ಲಿಯೇ ಬಂದು ಕೂರುತ್ತವೆ.

ಇಲ್ಲಿಯೂ ಒಂದು ಹಳ್ಳವಿದೆ. 1,3 ಸರಪಳಿಯ ಮೇಲೆ 1,6 ಶಾಖೆಗಳಿರುವ ಒಂದೇ ಅಣುವಿಗೂ, 1,3 ಸರಪಳಿ ಮತ್ತು 1,6 ಸರಪಳಿಗಳು ಬೇರೆಬೇರೆಯಾಗಿ ಬೆರೆತಿರುವ ಮಿಶ್ರಣಕ್ಕೂ ಈ ಸಂಕೇತಗಳ ಅನುಪಾತ ಹೆಚ್ಚುಕಡಿಮೆ ಒಂದೇ ಆಗಿ ಬರಬಹುದು. ಶಾಖೆ ಇದೆಯೆಂದು ಹೇಳಬೇಕಾದರೆ ಮಿಥೈಲೇಷನ್ ವಿಶ್ಲೇಷಣೆ ಮಾಡಬೇಕು: ಬಂಧವಿಲ್ಲದ ಹೈಡ್ರಾಕ್ಸಿಲ್‌ಗಳಿಗೆಲ್ಲ ಮಿಥೈಲ್ ಗುಂಪು ಹೊದಿಸಿ, ಸರಪಳಿಯನ್ನು ಒಡೆದು, ತುಣುಕುಗಳನ್ನು ಅನಿಲ ಕ್ರೊಮಟೋಗ್ರಫಿಯಿಂದ ಬಿಡಿಸಿ ತೂಕ ಅಳೆಯುವ ಜಿಸಿ-ಎಂಎಸ್‌ನಲ್ಲಿ ಗುರುತಿಸುವುದು. 2 ಮತ್ತು 4ನೆಯ ಸ್ಥಾನಗಳಲ್ಲಿ ಮಾತ್ರ ಮಿಥೈಲ್ ಇರುವ ಗ್ಲುಕೋಸ್ ಸಿಕ್ಕರೆ ಅದರ 3 ಮತ್ತು 6ನೆಯ ಸ್ಥಾನಗಳೆರಡೂ ಬಂಧದಲ್ಲಿದ್ದವು, ಅಂದರೆ ಅದೇ ಕವಲೊಡೆದ ಜಾಗ. ನಾಲ್ಕು ಮಿಥೈಲ್‌ಗಳ ಗ್ಲುಕೋಸ್ ಎಂದರೆ ಸರಪಳಿಯ ತುದಿ. ಉದ್ದನೆಯ ಸರಪಳಿಗಳಲ್ಲಿ ಕವಲುಗಳ ಸಂಖ್ಯೆಯೂ ತುದಿಗಳ ಸಂಖ್ಯೆಯೂ ಹತ್ತಿರಹತ್ತಿರ ಇರಬೇಕು. ಕವಲುಗಳು ತುದಿಗಳಿಗಿಂತ ಬಹಳ ಹೆಚ್ಚಾಗಿ ಕಂಡರೆ ಅದು ಹೊಸ ರಚನೆಯೆಂದು ಸಂಭ್ರಮಿಸುವ ಮೊದಲು ಮಿಥೈಲೇಷನ್ ಅರ್ಧಕ್ಕೆ ನಿಂತಿದೆಯೇ ಎಂದು ನೋಡುವುದು ಒಳ್ಳೆಯದು.

ಸದ್ಯಕ್ಕೆ ನಿಮ್ಮ ಪ್ರಬಂಧದಲ್ಲಿ ‘ಕ್ಷಾರದಲ್ಲಿ ಕರಗದ, ಬೀಟಾ ಬಂಧಗಳ ಲಕ್ಷಣವಿರುವ, ಅಮೈಡ್ ಶೇಷವುಳ್ಳ ಕೋಶಭಿತ್ತಿಯ ಭಾಗ’ ಎಂದು ಬರೆಯಿರಿ. ವಾಕ್ಯ ಸಪ್ಪೆಯಾಗಿದೆ ನಿಜ, ಆದರೆ ಯಾವ ಪರೀಕ್ಷಕರೂ ಅದನ್ನು ಅಲ್ಲಗಳೆಯಲಾರರು.

ಪ್ರಶ್ನೆ: ಜಲಜನಕದ ಎನ್‌ಎಂಆರ್‌ನಲ್ಲಿ ಒಂದನೆಯ ಮತ್ತು ಎರಡನೆಯ ಜಲಜನಕಗಳ ನಡುವಿನ ಕಪ್ಲಿಂಗ್ (ಪರಸ್ಪರ ಪ್ರಭಾವದಿಂದ ಸಂಕೇತ ಸೀಳುವ ಅಂತರ) 7–8 ಹರ್ಟ್ಸ್ ಇದ್ದರೆ ಬೀಟಾ, 3–4 ಇದ್ದರೆ ಆಲ್ಫಾ ಎಂದು ತರಗತಿಯಲ್ಲಿ ಹೇಳಿಕೊಡುತ್ತೇನೆ. ಯೀಸ್ಟಿನ ಮ್ಯಾನಾನಿನ ರೋಹಿತದಲ್ಲಿ ಈ ಲೆಕ್ಕ ಕೂಡಿಬರುತ್ತಿಲ್ಲ. ಎಲ್ಲ ಸಂಕೇತಗಳೂ ಅಗಲವಾದ ಒಂಟಿ ಗೆರೆಗಳಂತೆ ಕಾಣುತ್ತಿವೆ. — ರಸಾಯನಶಾಸ್ತ್ರದ ಉಪನ್ಯಾಸಕರು

ಉತ್ತರ: ನಿಮ್ಮ ಸೂತ್ರ ಗ್ಲುಕೋಸಿಗೆ ಸರಿ, ಮ್ಯಾನೋಸಿಗೆ ಸಲ್ಲದು. ಬೀಟಾ ಗ್ಲುಕೋಸಿನಲ್ಲಿ ಒಂದನೆಯ ಮತ್ತು ಎರಡನೆಯ ಜಲಜನಕಗಳೆರಡೂ ಉಂಗುರದ ಅಕ್ಷದ ದಿಕ್ಕಿನಲ್ಲಿ, ಒಂದು ಮೇಲೆ ಒಂದು ಕೆಳಗೆ ನಿಂತಿರುತ್ತವೆ; ಆ ಭಂಗಿಯಿಂದಲೇ ದೊಡ್ಡ ಕಪ್ಲಿಂಗ್ ಬರುವುದು. ಮ್ಯಾನೋಸಿನ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಅಕ್ಷದ ದಿಕ್ಕಿಗೆ ಹೋಗಿರುವುದರಿಂದ ಅಲ್ಲಿನ ಜಲಜನಕ ಉಂಗುರದ ಅಂಚಿಗೆ ಸರಿದಿರುತ್ತದೆ. ಹಾಗಾಗಿ ಒಂದನೆಯ ಜಲಜನಕ ಯಾವ ದಿಕ್ಕಿಗಿದ್ದರೂ ಕಪ್ಲಿಂಗ್ ಚಿಕ್ಕದೇ: ಆಲ್ಫಾದಲ್ಲಿ ಎರಡು ಹರ್ಟ್ಸ್‌ಗಿಂತ ತುಸು ಕಡಿಮೆ, ಬೀಟಾದಲ್ಲಿ ಒಂದಕ್ಕಿಂತಲೂ ಕಡಿಮೆ. ಪಾಲಿಮರಿನ ಗೆರೆಗಳೇ ಅದಕ್ಕಿಂತ ಅಗಲವಾಗಿರುವಾಗ ಈ ವ್ಯತ್ಯಾಸ ಅವುಗಳಲ್ಲಿ ಮುಳುಗಿಹೋಗುತ್ತದೆ.

ಇದಕ್ಕೆ ಪರಿಹಾರ ಜಲಜನಕ-ಜಲಜನಕ ಕಪ್ಲಿಂಗನ್ನು ಬಿಟ್ಟು, ಒಂದನೆಯ ಇಂಗಾಲಕ್ಕೂ ಅದಕ್ಕೇ ಅಂಟಿದ ಜಲಜನಕಕ್ಕೂ ನಡುವಿನ ಕಪ್ಲಿಂಗನ್ನು ಅಳೆಯುವುದು. ಅದು ಆಲ್ಫಾದಲ್ಲಿ ಸುಮಾರು 170 ಹರ್ಟ್ಸ್, ಬೀಟಾದಲ್ಲಿ ಸುಮಾರು 160. ಬಾಕ್ ಮತ್ತು ಪೆಡರ್ಸನ್ ಅವರು 1970ರ ದಶಕದ ಮೊದಲ ಭಾಗದಲ್ಲಿ ಖಚಿತಪಡಿಸಿದ ಈ ನಿಯಮ ಎರಡನೆಯ ಇಂಗಾಲದ ರಚನೆಯನ್ನು ಅವಲಂಬಿಸದ ಕಾರಣ ಮ್ಯಾನೋಸಿಗೂ ಹೊಂದುತ್ತದೆ. ಡಿಕಪ್ಲಿಂಗ್ (ಆ ಸೀಳುವಿಕೆಯನ್ನು ಅಳಿಸುವ ಕ್ರಮ) ಇಲ್ಲದೆ ಎಚ್‌ಎಸ್‌ಕ್ಯೂಸಿ (ಇಂಗಾಲವನ್ನೂ ಅದಕ್ಕೆ ಅಂಟಿದ ಜಲಜನಕವನ್ನೂ ಜೋಡಿಸಿ ತೋರುವ ಎನ್‌ಎಂಆರ್ ರೋಹಿತ) ತೆಗೆದರೆ ಪ್ರತಿ ಸಂಕೇತವೂ ಜೋಡಿಯಾಗಿ ಒಡೆದು ನಿಲ್ಲುತ್ತದೆ. ಆ ಜೋಡಿಯ ನಡುವಿನ ಅಂತರವೇ ನಿಮಗೆ ಬೇಕಾದ ಅಳತೆ. ಬೇಕರಿ ಯೀಸ್ಟಿನ ಮ್ಯಾನಾನಿನಲ್ಲಿ ನಿಮಗೆ ಆಲ್ಫಾ ಬಂಧಗಳೇ ಸಿಗುತ್ತವೆ: ಆಲ್ಫಾ-1,6ರ ಬೆನ್ನೆಲುಬು, ಅದರ ಮೇಲೆ ಆಲ್ಫಾ-1,2 ಮತ್ತು ಆಲ್ಫಾ-1,3ರ ಕಿರುಶಾಖೆಗಳು. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ರೋಗಕಾರಕ ಯೀಸ್ಟಿನ ಮ್ಯಾನಾನಿನಲ್ಲಾದರೋ ಬೀಟಾ-1,2 ಮ್ಯಾನೋಸ್ ಘಟಕಗಳೂ ಇರುತ್ತವೆ. ಅವುಗಳ ಸಂಕೇತಗಳು 4.8 ಪಿಪಿಎಂ ಸುತ್ತಮುತ್ತ, ಭಾರಜಲದಲ್ಲಿ ಉಳಿದ ನೀರಿನ ಸಂಕೇತದ ಪಕ್ಕದಲ್ಲೇ ಬರುತ್ತವೆ. ಮಾದರಿಯ ಉಷ್ಣತೆಯನ್ನು ಏರಿಸಿದರೆ ನೀರಿನ ಸಂಕೇತ ಪ್ರತಿ ಡಿಗ್ರಿಗೆ ಸುಮಾರು 0.01 ಪಿಪಿಎಂನಂತೆ ಬಲಕ್ಕೆ ಸರಿದು ದಾರಿ ಬಿಡುತ್ತದೆ.

ಈ ಒಂದನೆಯ ಜಲಜನಕದ ವಲಯ ಎಷ್ಟು ಮಾತನಾಡುತ್ತದೆಯೆಂದರೆ, 1960ರ ದಶಕದ ಕೊನೆಯಲ್ಲಿಯೇ ಕೆನಡಾದ ಗೋರಿನ್ ಮತ್ತು ಸ್ಪೆನ್ಸರ್ ಅವರು ಬೇರೆಬೇರೆ ಯೀಸ್ಟುಗಳ ಮ್ಯಾನಾನುಗಳ ಈ ತುಣುಕನ್ನಷ್ಟೇ ಹೋಲಿಸಿ ಅವುಗಳನ್ನು ವರ್ಗೀಕರಿಸಲು ಬಳಸಿದರು. ಅಂದಿನ ಯಂತ್ರಗಳನ್ನು ನೆನೆದರೆ ಅದು ಸಣ್ಣ ಸಾಧನೆಯಲ್ಲ. ಶಾಖೆಯಿಲ್ಲದ ಬೆನ್ನೆಲುಬಿನ ಮ್ಯಾನೋಸ್ 4.9ರ ಬಳಿ, ಶಾಖೆ ಹೊತ್ತದ್ದು 5.1ರ ಬಳಿ ಬರುವುದರಿಂದ ಕಿರುಶಾಖೆಗಳ ದಟ್ಟಣೆಯನ್ನು ಕಣ್ಣಳತೆಯಲ್ಲಿಯೇ ಊಹಿಸಬಹುದು.

ನಿಮ್ಮ ಗೆರೆಗಳು ಅಗಲವಾಗಿರುವುದಕ್ಕೆ ಪಾಲಿಮರಿನ ಗಾತ್ರವೊಂದೇ ಕಾರಣವಿರಲಾರದು. ಮ್ಯಾನಾನನ್ನು ನೀವು ತಾಮ್ರವಿರುವ ಫೆಹ್ಲಿಂಗ್ ದ್ರಾವಣದಿಂದ ಒತ್ತರಿಸಿ ಪಡೆದಿದ್ದರೆ, ತಾಮ್ರ ಪೂರ್ತಿಯಾಗಿ ಹೋಗಿದೆಯೇ ನೋಡಿ. ಆ ಪದ್ಧತಿಯಲ್ಲಿ ಮ್ಯಾನಾನ್ ತಾಮ್ರದೊಡನೆ ಸಂಕೀರ್ಣವಾಗಿ ಕೆಳಗೆ ಕೂರುತ್ತದೆ. ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ತೊಳೆದರೂ ಒಂದಿಷ್ಟು ಉಳಿಯಬಹುದು. ಪ್ಯಾರಾಮ್ಯಾಗ್ನೆಟಿಕ್ ಆದ ತಾಮ್ರದ ಅಯಾನು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗೆರೆಗಳನ್ನು ಹಿಗ್ಗಿಸುತ್ತದೆ. ಬಿಳಿಯಾಗಿರಬೇಕಾದ ಪುಡಿಗೆ ತೆಳು ನೀಲಿ ಛಾಯೆ ಇದ್ದರೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣದೆದುರು ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಅಣುಗಳನ್ನು ಹೊರಬಿಡುವ ಕ್ರಮ) ಮಾಡಿ, ಬಳಿಕ ಶುದ್ಧ ನೀರಿನೆದುರು ಮಾಡಿ, ಮತ್ತೆ ರೋಹಿತ ತೆಗೆಯಿರಿ.

ಪ್ರಶ್ನೆ: ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ಇಷ್ಟು ಸೂಕ್ಷ್ಮವಾಗಿರುವಾಗ ಅದೊಂದರಿಂದಲೇ ಸರಪಳಿಯ ರಚನೆ ತಿಳಿಯಬಾರದೇಕೆ?

ಉತ್ತರ: ಗ್ಲುಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಮೂರಕ್ಕೂ ಒಂದೇ ಅಣುಸೂತ್ರ. ಸರಪಳಿಯಲ್ಲಿ ಪ್ರತಿಯೊಂದೂ 162 ಡಾಲ್ಟನ್ ಕೂಡಿಸುತ್ತದೆ. ತೂಕ ನೋಡಿ ಇವುಗಳನ್ನು ಬೇರ್ಪಡಿಸಲಾಗದು. ಕೈಟಿನ್ನಿನ ಘಟಕದ 203 ಮಾತ್ರ ಪ್ರತ್ಯೇಕವಾಗಿ ಕಾಣುತ್ತದೆ. ಆದ್ದರಿಂದಲೇ ಮೇಲೆ ಹೇಳಿದ ಮಿಥೈಲೇಷನ್‌ನಂತಹ ರಾಸಾಯನಿಕ ತಯಾರಿಯನ್ನು ಮುಂದಿಟ್ಟುಕೊಂಡು ಇದನ್ನು ಬಳಸುತ್ತಾರೆ.

ಪ್ರಶ್ನೆ: ಯೀಸ್ಟನ್ನು ಒಣಗಿಸದೆ, ಜೀವಂತ ಕೋಶದಲ್ಲಿಯೇ ಕೋಶಭಿತ್ತಿಯ ಸಕ್ಕರೆಗಳನ್ನು ರಾಮನ್ ರೋಹಿತದಿಂದ ನೋಡಬಹುದೇ?

ಉತ್ತರ: ನೋಡಬಹುದು, ಆದರೆ ನಿರೀಕ್ಷೆ ಮಿತವಾಗಿರಲಿ. 1928ರಲ್ಲಿ ಸಿ. ವಿ. ರಾಮನ್ ಅವರು ಪ್ರಕಟಿಸಿದ ಪರಿಣಾಮವನ್ನು ಆಧರಿಸಿದ ಈ ವಿಧಾನಕ್ಕೆ ಒಂದು ದೊಡ್ಡ ಅನುಕೂಲವಿದೆ: ಅವಗೆಂಪು ಬೆಳಕನ್ನು ಹೀರಿಬಿಡುವ ನೀರು ರಾಮನ್ ಚದುರಿಕೆಯಲ್ಲಿ ಬಹಳ ದುರ್ಬಲ. ಹಾಗಾಗಿ ಒದ್ದೆಯ ಮಾದರಿಯೂ ನಡೆಯುತ್ತದೆ. ಕಷ್ಟವಿರುವುದು ಗಾತ್ರದಲ್ಲಿ. ಸೂಕ್ಷ್ಮದರ್ಶಕದಡಿ ಲೇಸರಿನ ಚುಕ್ಕೆ ಒಂದು ಮೈಕ್ರೋಮೀಟರಿನ ಆಸುಪಾಸಿನಲ್ಲಿದ್ದರೆ ಕೋಶಭಿತ್ತಿಯ ದಪ್ಪ ಅದರ ಹತ್ತನೆಯ ಒಂದರಿಂದ ಐದನೆಯ ಒಂದು ಭಾಗ ಮಾತ್ರ. ಚುಕ್ಕೆಯನ್ನು ಕೋಶದ ಅಂಚಿನಲ್ಲಿ ನಿಲ್ಲಿಸಿದರೂ ಒಳಗಿನ ಪ್ರೋಟೀನು, ಕೊಬ್ಬುಗಳ ಸಂಕೇತಗಳೇ ಮುಂದೆ ನಿಲ್ಲುತ್ತವೆ. ಕೋಶಗಳನ್ನು ಗಾಜಿನ ಮಣಿಗಳೊಂದಿಗೆ ಕುಲುಕಿ ಒಡೆದು, ಭಿತ್ತಿಗಳನ್ನು ಮಾತ್ರ ತೊಳೆದುಕೊಂಡು ನೋಡಿದರೆ ಚಿತ್ರ ಬಹಳ ಸ್ಪಷ್ಟವಾಗುತ್ತದೆ. ಪ್ರತಿದೀಪ್ತಿ ಕಾಡುತ್ತಿದ್ದರೆ ಹಸಿರು ಲೇಸರಿನ ಬದಲು 785 ನ್ಯಾನೋಮೀಟರಿನದನ್ನು ಬಳಸಿ.

ಪ್ರಶ್ನೆ: ಕಾಂಗೋ ರೆಡ್ ಬಣ್ಣದ ರೋಹಿತ ಸರಿದರೆ ಗ್ಲುಕಾನ್ ಮೂರೆಳೆಯ ಸುರುಳಿಯಲ್ಲಿದೆ ಎಂದು ಓದಿದ್ದೇನೆ. ಕ್ಷಾರದಲ್ಲಿ ಕರಗದ ಯೀಸ್ಟ್ ಗ್ಲುಕಾನಿನ ಮೇಲೆ ಇದನ್ನು ಮಾಡಬಹುದೇ? — ಸಂಶೋಧನಾ ವಿದ್ಯಾರ್ಥಿ

ಉತ್ತರ: ಈ ಪರೀಕ್ಷೆ ಕರಗಿದ ಗ್ಲುಕಾನಿಗಾಗಿ ಇರುವುದು. ದುರ್ಬಲ ಕ್ಷಾರದಲ್ಲಿ ಕಾಂಗೋ ರೆಡ್ಡಿನ ಗರಿಷ್ಠ ಹೀರಿಕೆ 490 ನ್ಯಾನೋಮೀಟರಿನ ಸಮೀಪದಲ್ಲಿರುತ್ತದೆ. ಮೂರೆಳೆಯ ಸುರುಳಿಯುಳ್ಳ ಬೀಟಾ-1,3-ಗ್ಲುಕಾನ್ ಜೊತೆಗಿದ್ದರೆ ಅದು ಉದ್ದದ ತರಂಗಗಳ ಕಡೆಗೆ ಸರಿಯುತ್ತದೆ, ಕ್ಷಾರವನ್ನು ಹೆಚ್ಚಿಸುತ್ತ ಹೋದಂತೆ ಎಳೆಗಳು ಬಿಚ್ಚಿಕೊಂಡು ಮತ್ತೆ ಹಿಂದಕ್ಕೆ ಬರುತ್ತದೆ. ಹೋಗಿ ಹಿಂದಿರುಗುವ ಈ ಇಡೀ ರೇಖೆ ಬೇಕು. ಒಂದೇ ಸಾಂದ್ರತೆಯಲ್ಲಿ ಕಂಡ ಸರಿತ, ಬಣ್ಣವು ಗ್ಲುಕಾನಿಗೆ ಅಂಟಿದೆ ಎಂದಷ್ಟೇ ಹೇಳುತ್ತದೆ. ನಿಮ್ಮ ಮಾದರಿ ಕಣಗಳಾಗಿ ತೇಲುತ್ತಿರುವುದರಿಂದ ಕ್ಯುವೆಟ್ಟಿನಲ್ಲಿ ಯಂತ್ರ ಅಳೆಯುವುದರಲ್ಲಿ ಬೆಳಕಿನ ಚದುರಿಕೆಯ ಪಾಲೂ ಸೇರಿಕೊಳ್ಳುತ್ತದೆ. ನಾನಾದರೆ ಇಂತಹ ಮಾದರಿಗೆ ಕಾಂಗೋ ರೆಡ್ ಬಿಟ್ಟು, ಘನಸ್ಥಿತಿಯ ಇಂಗಾಲ-13 ಎನ್‌ಎಂಆರ್ ತೆಗೆಸುತ್ತೇನೆ. ಅದಕ್ಕೆ ಕರಗಿಸುವ ಅಗತ್ಯವಿಲ್ಲ, ಕರಗಿಸುವಾಗ ಸುರುಳಿ ಬಿಚ್ಚಿಕೊಳ್ಳುವ ಭಯವೂ ಇಲ್ಲ.

ಪ್ರಶ್ನೆ: ಶುದ್ಧೀಕರಿಸಿದ ಮ್ಯಾನಾನಿನ ದ್ರಾವಣವನ್ನು 200ರಿಂದ 800 ನ್ಯಾನೋಮೀಟರಿನವರೆಗೆ ನೇರಳಾತೀತ-ಗೋಚರ ರೋಹಿತದಲ್ಲಿ ನೋಡಿದೆ. ಸಪಾಟು ಗೆರೆಯಷ್ಟೇ ಬಂತು. ಮಾದರಿ ಹಾಳಾಗಿದೆಯೇ?

ಉತ್ತರ: ಇಲ್ಲ, ಸಂತೋಷಪಡಿ. ಸಕ್ಕರೆಯ ಸರಪಳಿಯಲ್ಲಿ ಈ ವ್ಯಾಪ್ತಿಯ ಬೆಳಕನ್ನು ಗಣನೀಯವಾಗಿ ಹೀರುವ ಗುಂಪುಗಳಿಲ್ಲ. 260ರಲ್ಲಿ ಏರು ಕಂಡಿದ್ದರೆ ನ್ಯೂಕ್ಲಿಯಿಕ್ ಆಮ್ಲ, 280ರಲ್ಲಿ ಕಂಡಿದ್ದರೆ ಪ್ರೋಟೀನು ಉಳಿದಿದೆ ಎಂದು ತಿಳಿಯಬೇಕಿತ್ತು. ಆದರೆ ಟ್ರಿಪ್ಟೊಫಾನ್ ಮತ್ತು ಟೈರೊಸಿನ್ ಕಡಿಮೆಯಿರುವ ಪ್ರೋಟೀನು 280ರಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಸೆರೀನ್ ಮತ್ತು ಥ್ರಿಯೋನೀನ್ ಹೇರಳವಾಗಿರುವ ಮ್ಯಾನೋಪ್ರೋಟೀನಿನ ವಿಷಯದಲ್ಲಿ ಇದನ್ನು ಮರೆಯಬಾರದು. ಪ್ರೋಟೀನಿನ ಅಂಶವನ್ನು ಬೇರೊಂದು ವಿಧಾನದಿಂದಲೂ ಅಳೆದು ನೋಡಿ. ಹಾಗೆಯೇ ದ್ರಾವಣದಲ್ಲಿ ನಿಜಕ್ಕೂ ಸಕ್ಕರೆ ಇದೆಯೇ ಎಂಬುದನ್ನು ಫೀನಾಲ್-ಸಲ್ಫ್ಯೂರಿಕ್ ಆಮ್ಲದ ಪರೀಕ್ಷೆ ಮಾಡಿ, 490 ನ್ಯಾನೋಮೀಟರಿನಲ್ಲಿ ಓದಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಬರಿಯ ನೀರು ಕೊಡುವುದೂ ಇದೇ ಸಪಾಟು ಗೆರೆಯನ್ನು.